ಒಂದು ಹಿಡಿಯ ತೂಕ

ಮಾರ್ಚ್ ೪, ಸೋಮವಾರ

ಈ ನೋಟ್‌ಬುಕ್ ನನ್ನ ಹೆಂಡತಿಯದು. ಆಸ್ಪತ್ರೆಯಲ್ಲಿ ಬರೆದುಕೊಳ್ಳಲೆಂದು ಕೊಂಡಿದ್ದಳು. ಮೊದಲ ಪುಟದಲ್ಲಿ 'ಮಾತ್ರೆ: ಬೆಳಿಗ್ಗೆ ಎರಡು, ರಾತ್ರಿ ಒಂದು' ಎಂದು ಬರೆದು ಅಲ್ಲಿಗೇ ಕೈಬಿಟ್ಟಿದ್ದಾಳೆ. ಮಂಡಿಯ ಆಪರೇಷನ್ ಮುಗಿಸಿಕೊಂಡು ನಿನ್ನೆ ಮನೆಗೆ ಬಂದಳು. ಇವತ್ತು ಸಂಜೆ ಕೆಲಸದಿಂದ ಬಂದಾಗಿನಿಂದ ನಾನು ಅವಳಿಗೆ ದಿಂಬು ಸರಿಮಾಡಿ, ನೀರು ಕೊಟ್ಟು, ಮತ್ತೆ ದಿಂಬು ಸರಿಮಾಡಿದ್ದಕ್ಕೆ, "ನನ್ನ ತಲೆ ತಿನ್ನೋದು ಬಿಟ್ಟು ಇದರಲ್ಲಿ ಏನಾದ್ರೂ ಬರೀರಿ" ಎಂದು ಪುಸ್ತಕವನ್ನು ಕೈಗೆ ತುರುಕಿದಳು. ಯಾರೂ ಓದುವುದಿಲ್ಲವಾದ್ದರಿಂದ ಇದ್ದದ್ದು ಇದ್ದಂತೆ ಬರೆಯಬಹುದು.

ನಾನು ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಗಾಜಿನ ಮನೆ ನೋಡಿಕೊಳ್ಳುವವನು. ಕುಂಡಗಳಿಗೆ ನೀರು ಹಾಕುವುದು, ಕಳೆ ಕೀಳುವುದು, ಫ್ಯಾನ್ ಹಾಕುವುದು, ಆರಿಸುವುದು, ಮೂವತ್ತೊಂದು ವರ್ಷದಿಂದ ಇದೇ. ಹಿಂದಿನ ಅಂಗಳದಲ್ಲಿ ಎಲೆ, ಹುಲ್ಲು, ಸಗಣಿ ಹಾಕಿ ನಾನೇ ಕೊಳೆಸಿದ ಗೊಬ್ಬರದ ಗುಂಡಿಗಳಿವೆ. ಅದರಿಂದಲೇ ನನಗೆ ಗೊಬ್ಬರದಪ್ಪ ಎಂಬ ಹೆಸರು. ಬೇಸರವಿಲ್ಲ. ನಮ್ಮ ನಿರ್ದೇಶಕರಿಗೆ ಬೆನ್ನ ಹಿಂದೆ ಇರುವ ಹೆಸರು ಆಕಳಿಕೆ ಸಾಹೇಬರು. ಅದಕ್ಕಿಂತ ನನ್ನದು ಎಷ್ಟೋ ವಾಸಿ.

ಹೊಸದಾಗಿ ಸೇರಿದ ಸಂಶೋಧಕಿ ಇವತ್ತು ನಲವತ್ತು ಕುಂಡಗಳಿಗೆ ಮಣ್ಣು ತುಂಬಿಸಿ ಸಾಸಿವೆ ಬಿತ್ತಿಸಿದರು. ಹತ್ತು ಕುಂಡಕ್ಕೆ ಕೆಂಪು ಚೀಟಿ, ಹತ್ತಕ್ಕೆ ಹಳದಿ, ಹತ್ತಕ್ಕೆ ನೀಲಿ, ಹತ್ತಕ್ಕೆ ಹಸಿರು. ಕೆಂಪಿಗೆ ಗೊಬ್ಬರವೇ ಇಲ್ಲ. ಉಳಿದವಕ್ಕೆ ಒಂದಕ್ಕಿಂತ ಒಂದು ಹೆಚ್ಚು.

"ಹಳದಿಗೆ ಒಂದು ಹಿಡಿ, ನೀಲಿಗೆ ಎರಡು ಹಿಡಿ ಹಾಕ್ಲಾ ಮೇಡಂ?" ಎಂದು ಕೇಳಿದೆ.

"ಹಿಡಿ ಅನ್ನೋದು ಅಳತೆ ಅಲ್ಲ," ಎಂದರು. "ಐವತ್ತು ಗ್ರಾಂ, ನೂರು ಗ್ರಾಂ, ಇನ್ನೂರು ಗ್ರಾಂ. ತೂಕ ಮಾಡಿ ಹಾಕಿ."

ತೂಕದ ಯಂತ್ರದ ಮುಂದೆ ಕೂತು, ಒಂದು ಕಡ್ಡಿ ಹೆಚ್ಚಾಯಿತೆಂದು ತೆಗೆದು, ಅರ್ಧ ಎಲೆ ಕಡಿಮೆಯಾಯಿತೆಂದು ಹಾಕಿ, ಮಧ್ಯಾಹ್ನ ಪೂರ್ತಿ ಕಳೆದರು. ನಾನು ಅವರಿಗೆ ಮಿಲಿಗ್ರಾಂ ಮೇಡಂ ಎಂದು ಹೆಸರಿಟ್ಟೆ. ಮದುವೆಗೆ ಗಂಡು ನೋಡಲು ಹೋದರೂ ತಕ್ಕಡಿ ಹಿಡಿದುಕೊಂಡೇ ಹೋಗುವ ಪೈಕಿ.

ಮಾರ್ಚ್ ೬, ಬುಧವಾರ

ಈ ಪ್ರಯೋಗ ಏತಕ್ಕೆಂದು ಇವತ್ತು ತಿಳಿಯಿತು. ತಿಳಿದು ಮುಖ ಹುಳ್ಳಗಾಯಿತು, ಏಕೆಂದರೆ ಇದು ನಮ್ಮ ಮನೆಯದೇ ವಿಷಯ.

ನನ್ನ ಹೆಂಡತಿಯ ತಮ್ಮ ಕುರಿ ಸಾಕುತ್ತಾನೆ. ಎರಡು ವರ್ಷದಿಂದ ಅವನ ಮರಿಗಳು ಹುಟ್ಟಿದ ಕೆಲವೇ ದಿನಕ್ಕೆ ಕಾಲು ಸೆಟೆದುಕೊಂಡು ಏಳಲಾರದೆ ಮಲಗುತ್ತಿವೆ. ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಮೇವಿನಲ್ಲಿ ಸೆಲೆನಿಯಂ ಸಾಲದು ಎಂದರು. ಅದೊಂದು ಖನಿಜ. ಪ್ರಾಣಿಗೆ ಬೇಕಾಗುವುದು ಕಣದಷ್ಟು. ಅಷ್ಟೂ ಸಿಗದಿದ್ದರೆ ಸ್ನಾಯು ಸೋಲುತ್ತದೆ, ಸ್ವಲ್ಪ ಹೆಚ್ಚಾದರೆ ಅದೇ ವಿಷ. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಬರಬೇಕು. ಅದಕ್ಕೇ ಕೇಂದ್ರದವರು ಅವನ ಹೊಲದ ಮಣ್ಣು ತಂದಿದ್ದಾರೆ. ಆ ಹೊಲಕ್ಕೆ ಆರು ವರ್ಷದಿಂದ ಗಾಡಿಗಟ್ಟಲೆ ಗೊಬ್ಬರ ಕಳಿಸುತ್ತಿರುವವನು ನಾನೇ.

"ಈ ಮಣ್ಣು ಹೊಲದ ಮೂಲೆಯದ್ದು, ಗೊಬ್ಬರ ಕಾಣದ ಜಾಗ," ಎಂದು ಮಿಲಿಗ್ರಾಂ ವಿವರಿಸಿದರು. "ಸೆಲೆನಿಯಂ ಎಲ್ಲ ಕುಂಡಕ್ಕೂ ಒಂದೇ ಸಮ ಹಾಕ್ತೀನಿ. ಗೊಬ್ಬರ ಮಾತ್ರ ಬೇರೆ ಬೇರೆ. ಗೊಬ್ಬರ ಜಾಸ್ತಿ ಆದಷ್ಟೂ ಗಿಡಕ್ಕೆ ಸೆಲೆನಿಯಂ ಸಿಗೋದು ಕಮ್ಮಿ ಆಗುತ್ತೆ ಅಂತ ನನ್ನ ಅನುಮಾನ. ಕೊಳೆತು ಉಳಿಯೋ ಕಪ್ಪು ಅಂಶ ಅದನ್ನ ಹಿಡಿದಿಟ್ಕೊಳ್ಳುತ್ತೆ, ಬೇರಿಗೆ ಬಿಡಲ್ಲ."

ನನ್ನ ಗೊಬ್ಬರ ಗಿಡದ ಬಾಯಿಂದ ತುತ್ತು ಕಸಿಯುತ್ತದೆಯಂತೆ. ನಿನ್ನೆ ಮೊನ್ನೆ ಕಾಲೇಜು ಬಿಟ್ಟು ಬಂದ ಕಡ್ಡಿಯಂಥ ಹುಡುಗಿಗೆ ಎಷ್ಟು ದೊಡ್ಡ ಬಾಯಿ.

ಆದರೂ ಕೆಲಸ ಆಗಲೇಬೇಕು. ಕುರಿಗಳು ಮುಂದಿನ ಸಲ ಮರಿ ಹಾಕುವುದು ಚಳಿ ಶುರುವಾದಾಗ. ಅಷ್ಟರೊಳಗೆ ಹೊಲಕ್ಕೆ ಏನು ಮಾಡಬೇಕೆಂದು ಈ ಕುಂಡಗಳೇ ಹೇಳಬೇಕು. ಇನ್ನೊಮ್ಮೆ ಬೆಳೆಸಿ ನೋಡುವಷ್ಟು ಸಮಯವಿಲ್ಲ.

ಮಾರ್ಚ್ ೧೧, ಸೋಮವಾರ

ನಲವತ್ತು ಕುಂಡದಲ್ಲೂ ಮೊಳಕೆ. ಬೀಜ ಬಿತ್ತುವುದು ಇಷ್ಟು ವರ್ಷದ ಕೆಲಸವಾದರೂ, ಮೊದಲ ಹಸಿರು ಕಂಡ ದಿನ ನನಗೆ ಹಬ್ಬ.

ಇವಳಿಗೆ ದಿನಕ್ಕೆ ಇಪ್ಪತ್ತು ಹೆಜ್ಜೆ ನಡೆಯಲು ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ನಾನಿರುವಾಗ ಅವಳೇಕೆ ನಡೆಯಬೇಕು. ಮಂಚದ ಪಕ್ಕ ಸ್ಟೂಲ್ ಇಟ್ಟು ನೀರು, ರೇಡಿಯೊ, ಹೊಲಿಗೆಯ ಡಬ್ಬಿ, ಬ್ರೆಡ್ಡು, ಬಾಳೆಹಣ್ಣು, ಹೆಚ್ಚುವರಿ ಬಾಳೆಹಣ್ಣು ಎಲ್ಲ ಜೋಡಿಸಿ ಬಂದೆ. ಸಂಜೆ ಬಂದಾಗ ಗಂಟುಮೋರೆ ಹಾಕಿಕೊಂಡು ಕೂತಿದ್ದಳು. "ಇದು ಮನೆಯೋ, ಸೀಟು ಕಾದಿರಿಸಿದ ರೈಲೋ?" ಎಂದಳು. ನೋವಿರಬೇಕು, ಪಾಪ.

ಮಾರ್ಚ್ ೧೯, ಮಂಗಳವಾರ

ಮಿಲಿಗ್ರಾಂ ಇವತ್ತು ಕುಂಡದ ಕೆಳಗಿನ ತಟ್ಟೆಗಳಲ್ಲಿ ಸೋರಿ ನಿಂತ ನೀರನ್ನೂ ಬಾಟಲಿಗೆ ತುಂಬಿಸಿ ಚೀಟಿ ಅಂಟಿಸಲು ಹೇಳಿದರು. ನಲವತ್ತು ಬಾಟಲಿ. ಚೆಲ್ಲುವ ನೀರಿಗೂ ಹೆಸರಿಡುವವರನ್ನು ನಾನು ಕಂಡಿರಲಿಲ್ಲ. ಕೆಲಸವಿಲ್ಲದ ತಲೆ.

ಒಂದು ವಿಷಯ: ಅವರು ಊಟ ಮಾಡುವುದನ್ನು ನಾನು ನೋಡಿಲ್ಲ. ಮಧ್ಯಾಹ್ನ ನಿಂತುಕೊಂಡೇ ಎರಡು ಬಿಸ್ಕತ್ತು ತಿಂದು, ಪುಡಿಯನ್ನು ಕೊಡವಿ ಮತ್ತೆ ತೂಕಕ್ಕೆ ಕೂತರು. ನನಗೇನು, ಸುಮ್ಮನೆ ಬರೆದೆ.

ಮಾರ್ಚ್ ೨೭, ಬುಧವಾರ

ಹಸಿರು ಚೀಟಿಯ ಕುಂಡಗಳು ತೊಡೆ ತಟ್ಟಿ ನಿಂತಿವೆ. ಎಲೆ ಒಂದೊಂದೂ ಅಂಗೈಯಗಲ. ನನ್ನ ಗೊಬ್ಬರ ತಿಂದ ಮಕ್ಕಳು. ಅವುಗಳ ಮುಂದೆ ನಿಂತು ಬೆನ್ನು ತಟ್ಟಿಕೊಂಡೆ.

ಕೆಂಪು ಚೀಟಿಯವನ್ನು ಮಾತ್ರ ನೋಡಲಾಗುತ್ತಿಲ್ಲ. ಬೆರಳಷ್ಟು ಎತ್ತರ, ಹಳದಿ ಬಣ್ಣ, ಕಾಯಿಲೆಯಿಂದ ಎದ್ದ ಹಾಗೆ. ಅದರಲ್ಲೂ ಫ್ಯಾನಿನ ಪಕ್ಕದ ನಾಲ್ಕು ಕುಂಡಗಳು, ಅಂದರೆ ನಂಬರು ಮೂರು, ಐದು, ಎಂಟು, ಹತ್ತು, ಗಾಳಿಗೆ ಬಾಗಿ ನನ್ನ ಕಡೆಗೇ ನೋಡುತ್ತವೆ. ಗೊಬ್ಬರದ ಗುಂಡಿ ಹದಿನೈದು ಹೆಜ್ಜೆ ದೂರದಲ್ಲಿದೆ. ಉಣ್ಣಲಿಕ್ಕೆ ಬೇಕಾದಷ್ಟಿರುವ ಮನೆಯಲ್ಲಿ ಮಕ್ಕಳನ್ನು ಉಪವಾಸ ಕೆಡವಿದ ಹಾಗಿದೆ.

ಮಿಲಿಗ್ರಾಂ ಇವತ್ತೂ ಬಿಸ್ಕತ್ತೇ. ಅವರೂ ಒಂದು ಕೆಂಪು ಚೀಟಿಯ ಕುಂಡ.

ಏಪ್ರಿಲ್ ೧, ಸೋಮವಾರ

ಮೊದಲ ಸಲ ಎಲೆ ಕೊಯ್ದರು. ಒಂದೊಂದು ಗಿಡದಿಂದ ಎರಡೆರಡು, ಕಾಗದದ ಕವರಿಗೆ ಹಾಕಿ, ಒಣಗಿಸಿ, ದೊಡ್ಡ ಯಂತ್ರವಿರುವ ಊರಿಗೆ ಕಳಿಸುತ್ತಾರೆ. ಇನ್ನು ಪ್ರತಿ ಸೋಮವಾರವೂ ಇದೇ. ಎಲ್ಲ ವಾರದ ಫಲಿತಾಂಶ ಒಟ್ಟಿಗೇ ಬರಲು ಒಂದು ತಿಂಗಳು.

ಕೆಂಪು ಗಿಡಗಳಿಂದ ಎಲೆ ಕೀಳುವಾಗ, "ಇವಕ್ಕಿರೋದೇ ನಾಲ್ಕೆಲೆ ಮೇಡಂ, ಅದರಲ್ಲಿ ಎರಡು ನಿಮಗೆ. ತೆರಿಗೆ ವಸೂಲಿಯವರೂ ಇಷ್ಟು ಕೇಳಲ್ಲ" ಎಂದೆ. ತುಟಿ ಅಲುಗಲಿಲ್ಲ. ಈ ಹೆಂಗಸಿಗೆ ನಗುವುದಕ್ಕೂ ಮೇಲಿನವರ ಅನುಮತಿ ಬೇಕು ಅಂತ ಕಾಣುತ್ತದೆ.

ಏಪ್ರಿಲ್ ೬, ಶನಿವಾರ

ಕೊಟ್ಟುಬಿಟ್ಟೆ.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನೀರು ಹಾಕುತ್ತಿದ್ದೆ. ಕೆಂಪು ಎಂಟನೆಯದರ ಕೆಳಗಿನ ಎಲೆ ಮುಟ್ಟಿದೊಡನೆ ಉದುರಿ ಅಂಗೈಗೆ ಬಂತು. ನೇರ ಗುಂಡಿಗೆ ಹೋಗಿ, ಹಳೆಯ ಕಪ್ಪು ಗೊಬ್ಬರ ತಂದು, ಮೂರು, ಐದು, ಎಂಟು, ಹತ್ತು, ಈ ನಾಲ್ಕಕ್ಕೂ ಒಂದೊಂದು ಹಿಡಿ ಹಾಕಿ, ಬೆರಳಿನಿಂದ ಮಣ್ಣಿಗೆ ಬೆರೆಸಿ, ಮೇಲೆ ತೆಳ್ಳಗೆ ಹಳೆ ಮಣ್ಣು ಹರಡಿದೆ. ಉಳಿದ ಆರಕ್ಕೂ ಹಾಕುತ್ತಿದ್ದೆ, ಅಷ್ಟರಲ್ಲಿ ಗೇಟಿನ ಸದ್ದಾಯಿತು. ಗೇಟಿನಲ್ಲಿದ್ದದ್ದು ಅಂಚೆಯವನು.

ಒಂದು ಹಿಡಿ ಗೊಬ್ಬರದಿಂದ ಆಕಾಶ ಕಳಚಿ ಬೀಳುವುದಿಲ್ಲ. ಮಿಲಿಗ್ರಾಂ ಹೇಳಿದ ಹಾಗೆ, ಹಿಡಿ ಅನ್ನುವುದು ಅಳತೆಯೇ ಅಲ್ಲವಲ್ಲ.

ಏಪ್ರಿಲ್ ೯, ಮಂಗಳವಾರ

ಇವಳ ಪಾಲಿನ ಬ್ರೆಡ್ಡಿನ ಜೊತೆ ಇನ್ನೊಂದು ಪೊಟ್ಟಣ ಕಟ್ಟಿಕೊಂಡು ಹೋಗಿ, "ಮನೇಲಿ ಜಾಸ್ತಿ ಆಗಿತ್ತು" ಎಂದು ಮಿಲಿಗ್ರಾಂ ಮೇಜಿನ ಮೇಲಿಟ್ಟೆ. ಅರ್ಧ ತಿಂದರು. ಅರ್ಧವಾದರೂ ಆಯಿತಲ್ಲ.

ಏಪ್ರಿಲ್ ೧೩, ಶನಿವಾರ

ನಾಲ್ಕೂ ಕುಂಡ ಚಿಗುರಿವೆ. ಅದೇನು ಕಳೆ, ಅದೇನು ಹೊಳಪು. ಖುಷಿಯಾಗಿ ಇನ್ನೊಂದೊಂದು ಹಿಡಿ ಕೊಟ್ಟೆ. ಮತ್ತೆ ಅವೇ: ಮೂರು, ಐದು, ಎಂಟು, ಹತ್ತು.

ಮಿಲಿಗ್ರಾಂ ಸೋಮವಾರ ಇವುಗಳ ಮುಂದೆಯೇ ಕೂತು ಎಲೆ ಕೊಯ್ದರೂ ಗಮನಿಸಲಿಲ್ಲ. ಕಾಗದದಲ್ಲಿ ಅಂಕಿ ಕಾಣುತ್ತದೆ, ಕಣ್ಣ ಮುಂದಿನ ಗಿಡ ಕಾಣುವುದಿಲ್ಲ. ಓದಿದ ಕುರುಡು.

ಏಪ್ರಿಲ್ ೧೮, ಗುರುವಾರ

ಮನೆಗೆ ವ್ಯಾಯಾಮ ಹೇಳಿಕೊಡುವಾಕೆ ಬಂದಿದ್ದರು. ಇವಳ ಮಂಡಿ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು.

"ಇಷ್ಟು ಹೊತ್ತಿಗೆ ಇವರು ಮೆಟ್ಟಿಲು ಹತ್ತಬೇಕಿತ್ತು. ಮಂಡಿ ಬಗ್ತಾನೇ ಇಲ್ಲ. ಇವರು ಕೇಳಿದ್ದೆಲ್ಲ ಕೈಗೇ ಕೊಡೋರು ಯಾರು?"

"ಕೇಳದೆ ಇದ್ದದ್ದನ್ನೂ ಕೊಡ್ತಾರೆ," ಎಂದಳು ಇವಳು.

"ಹಾಗಾದ್ರೆ ಮೊದಲು ಇವರ ಕೈ ಕಟ್ಟಿಹಾಕಬೇಕು," ಎಂದರು ಆಕೆ.

ಇಬ್ಬರೂ ನಕ್ಕರು. ನಾನು ಮಾತ್ರ ಇಂಗು ತಿಂದ ಮಂಗನ ಹಾಗಾದೆ. ಒಳ್ಳೆಯದು ಮಾಡಿದವನಿಗೇ ಬೈಗುಳ. ಸಂಜೆ ಇವಳು ಕಿಟಕಿಯ ತನಕ ನಡೆದಳು; ಹಿಂದೆಯೇ ಕುರ್ಚಿ ಹಿಡಿದು ಹೋದೆ. "ಆ ಕುರ್ಚಿಯನ್ನ ನೀವೇ ಹಾಕ್ಕೊಂಡು ಕೂತ್ಕೊಳ್ಳಿ" ಎಂದಳು. ಕೂತೆ.

ಮಿಲಿಗ್ರಾಂಗೆ ಇವತ್ತು ಡಬ್ಬಿಯಲ್ಲಿ ಊಟ ಕೊಟ್ಟಿದ್ದೆ. ಪೂರ್ತಿ ಖಾಲಿ. ಡಬ್ಬಿ ತೊಳೆದು ಕೊಟ್ಟಳು ಹುಡುಗಿ.

ಏಪ್ರಿಲ್ ೨೪, ಬುಧವಾರ

ಭಾವಮೈದ ಫೋನ್ ಮಾಡಿದ್ದ. "ಭಾವ, ಕುಂಡ ಏನಂತವೆ? ಈ ಸಲಾನೂ ಮರಿ ಹೂಳೋಕೆ ನನ್ನ ಕೈಲಾಗಲ್ಲ." ಅವನು ಹೀಗೆ ದನಿ ಇಳಿಸಿ ಮಾತಾಡುವವನಲ್ಲ. "ಬರೋ ವಾರ ಫಲಿತಾಂಶ ಬರುತ್ತೆ, ನಮ್ಮ ಹುಡುಗಿ ತುಂಬ ಚೂಟಿ, ಯೋಚನೆ ಬಿಡು" ಎಂದು ಧೈರ್ಯ ಹೇಳಿದೆ.

ಹುಡುಗಿ ಇವತ್ತು ಊಟಕ್ಕೆ ನಾನು ಕೂರುವ ಗೋಡೆಯ ನೆರಳಿಗೇ ಬಂದು ಕೂತಳು. ಇಲ್ಲಿನ ಕೆಲಸ ಅವಳಿಗೆ ಒಂದು ವರ್ಷದ ಮಟ್ಟಿಗೆ ಮಾತ್ರವಂತೆ. ಈ ಪ್ರಯೋಗ ಸರಿಹೋದರೆ ಉಳಿಸಿಕೊಳ್ಳುತ್ತಾರಂತೆ. ಹೇಳುತ್ತ ಹೇಳುತ್ತ ಒಂದು ತುತ್ತನ್ನು ಹತ್ತು ನಿಮಿಷ ಅಗಿದಳು.

ಮೇ ೨, ಗುರುವಾರ

ಫಲಿತಾಂಶ ಬಂತು. ಹಳದಿ, ನೀಲಿ, ಹಸಿರು ಎಲ್ಲ ಅವಳು ಹೇಳಿದ ಹಾಗೇ ಇವೆ. ಗೊಬ್ಬರ ಏರಿದ ಹಾಗೆ ಎಲೆಯಲ್ಲಿ ಸೆಲೆನಿಯಂ ಇಳಿದಿದೆ. ತೊಡೆ ತಟ್ಟಿ ನಿಂತಿದ್ದ ನನ್ನ ಹಸಿರು ಮಕ್ಕಳಲ್ಲಿ ಎಲ್ಲಕ್ಕಿಂತ ಕಡಿಮೆ. ಬೇಜಾರಾಯಿತು, ಆದರೆ ಅದನ್ನು ನುಂಗಿಕೊಂಡೆ, ಏಕೆಂದರೆ ಆಮೇಲೆ ಬಂದದ್ದು ಬೇರೆ.

"ಕೆಂಪು ಕುಂಡಗಳು ಅರ್ಥಾನೇ ಆಗ್ತಿಲ್ಲ," ಎಂದಳು. "ಮೊದಲನೇ ವಾರ ಹತ್ತರಲ್ಲೂ ತುಂಬ ಚೆನ್ನಾಗಿತ್ತು. ಕೊನೇ ವಾರ ಆರು ಹಾಗೇ ಇವೆ, ನಾಲ್ಕು ಅರ್ಧಕ್ಕೆ ಇಳಿದಿವೆ. ಒಂದೇ ಮಣ್ಣು, ಒಂದೇ ನೀರು. ಹೇಗೆ ಸಾಧ್ಯ?"

ಯಾವ ನಾಲ್ಕು ಎಂದು ನಾನು ಕೇಳಲಿಲ್ಲ.

ಮೇ ೩, ಶುಕ್ರವಾರ

ಆ ಹುಡುಗಿ ಬೆಳಿಗ್ಗೆಯಿಂದ ಹಳೆಯ ಕವರುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದಾಳೆ. ತಾನೇ ಚೀಟಿ ಅದಲುಬದಲು ಮಾಡಿದ್ದೇನೆ ಎಂದು ಅವಳ ಲೆಕ್ಕ. ಕೆಂಪು ಕುಂಡಗಳೇ ಆಧಾರವಂತೆ. ಉಳಿದೆಲ್ಲವನ್ನೂ ಅವುಗಳ ಜೊತೆ ಹೋಲಿಸಬೇಕು. ಅವೇ ನಂಬಲಾಗದಿದ್ದರೆ ನಲವತ್ತೂ ದಂಡ. "ಸೋಮವಾರ ಸಾಹೇಬರ ಹತ್ರ ಹೋಗಿ ನನ್ನಿಂದ ತಪ್ಪಾಗಿದೆ ಅಂತ ಬರೆದುಕೊಟ್ಟುಬಿಡ್ತೀನಿ" ಎಂದಳು.

ಪೊಟ್ಟಣ ಬಿಚ್ಚಲೇ ಇಲ್ಲ. ನನಗೂ ಊಟ ಇಳಿಯಲಿಲ್ಲ.

ಮೇ ೪, ಶನಿವಾರ

ಹೇಳಿದೆ.

ಗಾಜಿನ ಮನೆಯಲ್ಲಿ ಫ್ಯಾನ್ ಆರಿಸಿ, ಅವಳ ಎದುರಿಗೆ ನಿಂತು, "ಆ ನಾಲ್ಕು ಕುಂಡಕ್ಕೆ ಗೊಬ್ಬರ ಕೊಟ್ಟೋನು ನಾನು. ನೋಡೋಕಾಗ್ಲಿಲ್ಲ, ಕೊಟ್ಟೆ" ಎಂದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ತಲೆ ತಗ್ಗಿಸಿ ಕೂತಳು. ಕಣ್ಣಿಂದ ಒಂದು ಹನಿ ಕವರಿನ ಮೇಲೆ ಬಿತ್ತು. ಅದನ್ನು ತಕ್ಷಣ ಒರೆಸಿ, ಅಂಕಿ ಅಳಿಸಿಲ್ಲವೆಂದು ನೋಡಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

ಕವರನ್ನು ಪಕ್ಕಕ್ಕಿಟ್ಟು, "ಯಾವತ್ತು?" ಎಂದಳು.

"ಏಪ್ರಿಲ್ ಆರು. ಆಮೇಲೆ ಹದಿಮೂರು."

"ಎಷ್ಟು?"

"ಒಂದೊಂದು ಹಿಡಿ."

ಬಾಯಿ ತೆರೆದು, ಏನನ್ನೋ ನುಂಗಿಕೊಂಡಳು. "ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

"ಅವತ್ತವತ್ತೇ ಬರೆದಿಟ್ಟಿದ್ದೀನಿ. ಮನೇಲಿ ಒಂದು ಪುಸ್ತಕ ಇದೆ."

ಅವಳ ಮುಖ ಒಮ್ಮೆಲೇ ಬದಲಾಯಿತು. ನಿಂತೇಬಿಟ್ಟಳು. ತಾರೀಕು, ಕುಂಡದ ನಂಬರು ಎಲ್ಲ ಬರವಣಿಗೆಯಲ್ಲಿದ್ದರೆ ಆ ನಾಲ್ಕನ್ನು ಬೇರೆಯೇ ಗುಂಪಾಗಿ ಇಡಬಹುದು, ಉಳಿದ ಆರು ಕೆಂಪು ಕುಂಡಗಳು ಆಧಾರವಾಗಿ ನಿಲ್ಲುತ್ತವೆ, ಪ್ರಯೋಗ ಉಳಿಯುತ್ತದೆ ಎಂದಳು. "ಅದಷ್ಟೇ ಅಲ್ಲ. ಅದೇ ಗಿಡ, ಗೊಬ್ಬರಕ್ಕೆ ಮೊದಲು ಒಂದು ಎಲೆ, ಆಮೇಲೆ ಒಂದು ಎಲೆ. ಇಂಥದ್ದು ಮಾಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಆ ಪುಸ್ತಕ ಸೋಮವಾರ ಬೇಕು."

"ಬೇಕಾದ್ದನ್ನ ಚೆಂದವಾಗಿ ಬೇರೆ ಹಾಳೆಗೆ ಬರ್ಕೊಂಡು ಬರ್ತೀನಿ."

"ನಕಲು ನಡೆಯಲ್ಲ. ಆವತ್ತೇ ಬರೆದ ಮೂಲ ಪುಸ್ತಕ ಬೇಕು, ಅದು ಇಲ್ಲಿಯ ನಿಯಮ. ಪುಟ ಹರೀಬಾರ್ದು, ಮೇಲೆ ಅಂಟಿಸಬಾರ್ದು, ಹೊಡೆದು ಹಾಕಬಾರ್ದು. ಸಾಹೇಬರೂ ಪೂರ್ತಿ ನೋಡ್ತಾರೆ."

ನನಗೆ ಆಗ ನೆನಪಾಯಿತು ಇದರಲ್ಲಿ ಏನೇನಿದೆ ಎಂದು.

ಅಂದಹಾಗೆ, ಅವಳು ಆ ಗಡಿಬಿಡಿಯಲ್ಲೇ ಪೊಟ್ಟಣ ಬಿಚ್ಚಿ ಪೂರ್ತಿ ತಿಂದಳು.

ಮೇ ೫, ಭಾನುವಾರ

ಪುಸ್ತಕವನ್ನು ಮೊದಲಿನಿಂದ ಓದಿದೆ. ತಕ್ಕಡಿ. ಕಡ್ಡಿ. ಕೆಲಸವಿಲ್ಲದ ತಲೆ. ಓದಿದ ಕುರುಡು. ಯಾರು ಬರೆದದ್ದು ಇದನ್ನು? ಆಕಳಿಕೆ ಸಾಹೇಬರ ಹೆಸರು ಬೇರೆ ಮೊದಲ ಪುಟದಲ್ಲೇ ಇದೆ. ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ.

ಇವಳಿಗೆ ಎಲ್ಲ ಹೇಳಿದೆ. ಓದಿಸಿದೆ. ಇವಳು ನಗುತ್ತ ಕೆಮ್ಮಿ, ಕೆಮ್ಮುತ್ತ ನಕ್ಕಳು.

"ಕಾಫಿ ಚೆಲ್ಲಿತು ಅಂದುಬಿಡ್ಲಾ? ಅಷ್ಟು ಪುಟ ಮಾತ್ರ ನೆನೆದುಹೋಯ್ತು ಅಂತ?"

"ನಾಲ್ಕು ಬೈಗುಳ ಮುಚ್ಚೋಕೆ ನನ್ನ ತಮ್ಮನ ಮರಿಗಳನ್ನೂ ಆ ಹುಡುಗಿಯ ಕೆಲಸಾನೂ ನೆನೆಸ್ತೀರಾ?" ಎಂದಳು. ಆಮೇಲೆ ಸ್ವರ ಇಳಿಸಿ, "ರೀ, ನೀವು ಕೊಟ್ಟದ್ದು ಜಾಸ್ತಿ ಆಗಿದ್ದಕ್ಕೇ ಇಷ್ಟೆಲ್ಲ ಆಗಿರೋದು. ಈಗ ಬಚ್ಚಿಟ್ಕೊಳ್ಳೋಕೆ ಹೋಗಬೇಡಿ. ಕೊಟ್ಟುಬಿಡಿ."

ಮೇಜಿನ ಮುಂದೆ ತಲೆ ಹಿಡಿದು ಕೂತೆ. ಟೀ ಬಂತು, ಕುಡಿದೆ. ಎರಡನೆಯ ಲೋಟವೂ ಬಂತು. ಅಡುಗೆಮನೆಯಿಂದ ಯಾರು ತಂದರು ಎಂದು ಈಗ ಬರೆಯುವಾಗ ಹೊಳೆಯಿತು.

ಮೇ ೬, ಸೋಮವಾರ

ಬೆಳಿಗ್ಗೆ. ಇನ್ನು ಹತ್ತು ನಿಮಿಷದಲ್ಲಿ ಇದನ್ನು ಒಯ್ದು ಕೊಡಬೇಕು. ಓದುವವರಿಗೆ: ಮಾರ್ಚ್ ತಿಂಗಳಲ್ಲಿ ಬರೆದವನು ಮೂರ್ಖ. ಅವನನ್ನು ಕ್ಷಮಿಸದಿದ್ದರೂ ಪರವಾಗಿಲ್ಲ, ನಂಬರುಗಳನ್ನು ಮಾತ್ರ ನಂಬಬೇಕು.

ಮೇ ೨೭, ಸೋಮವಾರ

ಪುಸ್ತಕ ಇವತ್ತು ವಾಪಸು ಬಂತು. ಗೊಬ್ಬರ ಕೊಟ್ಟ ಎರಡು ದಿನದ ಪುಟಗಳ ಮೇಲೆ ಕೇಂದ್ರದ ಮೊಹರು, ಸಾಹೇಬರ ಸಹಿ. ಮೊದಲ ಪುಟದಲ್ಲಿ ಅವರ ಹೆಸರಿನ ಕೆಳಗೆ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದಿದ್ದಾರೆ, ಅಷ್ಟೆ. ನನಗೆ ಬರವಣಿಗೆಯಲ್ಲಿ ಒಂದು ಎಚ್ಚರಿಕೆ ಬಂದಿದೆ, ಮುಖತಃ ಒಂದು ಆಕಳಿಕೆಯೂ. ಎರಡನ್ನೂ ತಲೆ ಬಗ್ಗಿಸಿ ತೆಗೆದುಕೊಂಡೆ.

ಈ ಮೂರು ವಾರದಲ್ಲಿ ನಡೆದದ್ದನ್ನು ಬರೆಯಬೇಕು. ಪುಸ್ತಕ ಕೊಟ್ಟ ದಿನವೇ ಹುಡುಗಿ ನನ್ನನ್ನು ತೂಕದ ಯಂತ್ರದ ಮುಂದೆ ನಿಲ್ಲಿಸಿದಳು. ಹಿಡಿ ಎಂದರೆ ಎಷ್ಟೆಂದು ತಿಳಿಯದಿದ್ದರೆ ಬರೆದದ್ದು ಇದ್ದೂ ಪ್ರಯೋಜನವಿಲ್ಲವಂತೆ. ಅದೇ ಗುಂಡಿಯ ಗೊಬ್ಬರ, ಒಂದು ಹಿಡಿ ತೆಗೆಯಬೇಕು, ತಟ್ಟೆಗೆ ಹಾಕಬೇಕು, ಅವಳು ಬರೆದುಕೊಳ್ಳಬೇಕು. ಹೀಗೆ ಮೂವತ್ತು ಸಲ. ಮೊದಲನೆಯದು ಅರವತ್ತೆರಡು ಗ್ರಾಂ. ಎರಡನೆಯದು ಅರವತ್ತೊಂದು. ಮೂರನೆಯದು ಅರವತ್ತೆರಡು. ಹತ್ತು ದಾಟುವ ಹೊತ್ತಿಗೆ ಅವಳು ಯಂತ್ರವನ್ನೇ ಅನುಮಾನಿಸಿ ಹೆಬ್ಬೆರಳಷ್ಟಿರುವ ಹಿತ್ತಾಳೆಯ ತೂಕದ ಬಟ್ಟಿನಿಂದ ಪರೀಕ್ಷಿಸಿದಳು. ಯಂತ್ರ ಸರಿಯಿತ್ತು. ಮೂವತ್ತೂ ಅರವತ್ತೊಂದರಿಂದ ಅರವತ್ತಮೂರರ ನಡುವೆ. ಮೂವತ್ತೊಂದು ವರ್ಷ ಅದೇ ಕೈ ಅದೇ ಗುಂಡಿಗೆ ಹೋಗಿದೆ.

"ಹಿಡಿ ಅನ್ನೋದು ಅಳತೆ ಅಲ್ಲ," ಎಂದೆ ಮೆಲ್ಲಗೆ.

"ನಿಮ್ಮ ಹಿಡಿ ಅಳತೆ," ಎಂದಳು. ವರದಿಯಲ್ಲೂ ಹಾಗೆಯೇ ಬರೆದಿದ್ದಾಳೆ: ಗಾಜಿನ ಮನೆಯ ನಿರ್ವಾಹಕರ ಒಂದು ಹಿಡಿ, ಸರಾಸರಿ ಅರವತ್ತೆರಡು ಗ್ರಾಂ.

ನನ್ನ ಗೊಬ್ಬರದ ಬಗ್ಗೆ ಕೊನೆಗೆ ಗೊತ್ತಾದದ್ದು ಇಷ್ಟು. ಅದು ಸೆಲೆನಿಯಂ ಕದಿಯುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ. ಅದರೊಳಗಿನ ಸೂಕ್ಷ್ಮಜೀವಿಗಳೂ ಸೇರಿಕೊಂಡು ಅದನ್ನು ಬೇರು ಹೀರಲಾಗದ ರೂಪಕ್ಕೆ ತಿರುಗಿಸುತ್ತವೆ. ಜೊತೆಗೆ ಗಿಡ ದಪ್ಪಗಾದಾಗ ಸಿಕ್ಕಿದ ಸ್ವಲ್ಪವೂ ಎಲೆಯ ತುಂಬ ಹಂಚಿ ತೆಳುವಾಗುತ್ತದೆ. ಯಾವುದರ ಪಾಲು ಎಷ್ಟು ಎಂದು ಇನ್ನೊಂದು ಪ್ರಯೋಗ ಮಾಡಿಯೇ ಹೇಳಬೇಕು, ಬೇರೆ ಮಣ್ಣಿನಲ್ಲಿ ಕಥೆ ಬೇರೆಯೂ ಇರಬಹುದು ಎಂದು ಹುಡುಗಿ ಎಚ್ಚರಿಸಿದಳು. ಹಾಗೆಂದು ಗೊಬ್ಬರ ಬೇಡವೆಂದಲ್ಲ. ನಾನು ಆಡಿಕೊಂಡು ನಕ್ಕಿದ್ದ ಆ ನಲವತ್ತು ಬಾಟಲಿ ನೀರಿನಲ್ಲಿ ಉತ್ತರವಿತ್ತು: ಗೊಬ್ಬರವಿಲ್ಲದ ಕುಂಡಗಳಿಂದ ಸೆಲೆನಿಯಂ ನೀರಿನ ಜೊತೆ ಸೋರಿ ಹೋಗಿದೆ, ಗೊಬ್ಬರದವುಗಳಿಂದ ಹೋಗಿಲ್ಲ.

ಭಾವಮೈದನ ಹೊಲಕ್ಕೆ ಹುಡುಗಿ ತಾನೇ ಹೋಗಿ ಬಂದಳು. ಗೊಬ್ಬರ ಹಾಕುವುದನ್ನು ನಿಲ್ಲಿಸುವುದಿಲ್ಲ, ಗಾಡಿಗಟ್ಟಲೆ ಮಾತ್ರ ಬೇಡ. ಸೆಲೆನಿಯಂ ಮಣ್ಣಿಗೆ ಹಾಕದೆ, ಅವಳು ಅಳೆದು ಕೊಟ್ಟಷ್ಟನ್ನೇ ನೀರಲ್ಲಿ ಕರಗಿಸಿ ಮೇವಿನ ಎಲೆಯ ಮೇಲೆ ಸಿಂಪಡಿಸಬೇಕು. ಮೇವು ಸಿದ್ಧವಾಗುವ ತನಕ ತಾಯಿಕುರಿಗಳಿಗೆ ಪಶುವೈದ್ಯರ ಔಷಧಿ. "ಭಾವ, ಆ ಮೇಡಂ ಒಂದು ಹನಿ ಹೆಚ್ಚು ಹಾಕಿದ್ರೆ ನನ್ನನ್ನೇ ಹೂಳ್ತೀನಿ ಅಂದ್ರು" ಎಂದು ಫೋನಿನಲ್ಲಿ ನಗುತ್ತಿದ್ದ. ಅವನ ನಗು ಕೇಳಿ ಎರಡು ವರ್ಷವಾಗಿತ್ತು.

ಅವಳ ಕೆಲಸ ಇನ್ನೂ ಮೂರು ವರ್ಷಕ್ಕೆ ಮುಂದುವರಿದಿದೆ.

ಇಷ್ಟು ಬರೆದು, ಹಳೆಯ ಪುಟಗಳನ್ನು ತಿರುವಿದಾಗ ನೋಡಿದೆ, ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಅಕ್ಷರ. 'ನಗುವುದಕ್ಕೂ ಮೇಲಿನವರ ಅನುಮತಿ' ಎಂದಿದ್ದ ಕಡೆ: 'ತಪ್ಪು ಮಾಹಿತಿ. ತೆರಿಗೆಯ ಮಾತಿಗೆ ನಕ್ಕಿದ್ದೆ. ನೀವು ಬೆನ್ನು ತಿರುಗಿಸಿದ ಮೇಲೆ.' 'ಓದಿದ ಕುರುಡು' ಎಂದಿದ್ದ ಕಡೆ: 'ಒಪ್ಪಿದೆ.' ಮೇ ಆರರ ಪುಟದ ಕೆಳಗೆ, ಖಾಲಿ ಜಾಗದಲ್ಲಿ ಇಷ್ಟು:

'ಎರಡು ಸಲ ಎಣಿಸಿದ್ದೇನೆ. ಐದು ಕಡೆ ನನ್ನನ್ನು ಬೈದಿದ್ದೀರಿ. ನಾನು ಊಟ ಮಾಡಿದೆನೋ ಇಲ್ಲವೋ ಎಂದು ಏಳು ಕಡೆ ಬರೆದಿದ್ದೀರಿ. ಮನೆ ಬಿಟ್ಟು ಬಂದು ಆರು ವರ್ಷವಾಯಿತು. ಇದನ್ನು ಲೆಕ್ಕ ಇಟ್ಟವರು ಯಾರೂ ಇರಲಿಲ್ಲ. — ಮಿಲಿಗ್ರಾಂ'

ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಇವಳಿಗೂ ಓದಿ ಹೇಳಿದೆ.

ಜೂನ್ ೩, ಸೋಮವಾರ

ಎರಡನೆಯ ಪ್ರಯೋಗ ಶುರು. ಮತ್ತೆ ನಲವತ್ತು ಕುಂಡ, ಮತ್ತೆ ಹತ್ತು ಕೆಂಪು ಚೀಟಿ. ಗೊಬ್ಬರದ ಗುಂಡಿಗೆ ಹುಡುಗಿ ಮುಚ್ಚಳ ಮಾಡಿಸಿ ಬೀಗ ಹಾಕಿಸಿದ್ದಾಳೆ. ಬೀಗದ ಕೈ ಇವಳ ಹತ್ತಿರ ಕೊಟ್ಟಿದ್ದಾಳೆ. ಇಬ್ಬರದೂ ಈಗ ಭಾರಿ ಸ್ನೇಹ.

ಅದನ್ನು ತಂದುಕೊಡಲು ಇವಳೇ ಕೋಲು ಹಿಡಿದು ಕೇಂದ್ರಕ್ಕೆ ಬಂದಳು. ಗಾಜಿನ ಮನೆಗೆ ಹನ್ನೊಂದು ಮೆಟ್ಟಿಲು. ಮೇಲೆ ಬಾಗಿಲಲ್ಲಿ ನಿಂತು ನೋಡಿದೆ. ಐದನೆಯದರಲ್ಲಿ ನಿಂತು ಉಸಿರು ಬಿಟ್ಟಳು, ಎಂಟನೆಯದರಲ್ಲಿ ಕಂಬಿ ಹಿಡಿದಳು. ನನ್ನ ಎರಡು ಕೈಯೂ ಜೇಬಿನಲ್ಲಿದ್ದವು. ಮೇಲೆ ಬಂದು, "ಏನು, ಕೈಗೆ ಏನಾದ್ರೂ ಆಗಿದ್ಯಾ?" ಎಂದಳು. ಏನೂ ಆಗಿಲ್ಲ ಎಂದೆ.

ಆಮೇಲೆ ಗೋಡೆಯ ನೆರಳಲ್ಲಿ ಕೂತೆವು. ಈ ಸಲ ಪೊಟ್ಟಣ ತಂದವಳು ಹುಡುಗಿ. ಮೂವರಿಗೂ ಒಂದೇ ಸಮ, ತೂಕ ಮಾಡಿದಂತಿತ್ತು.

ಮೂವರೂ ಊಟ ಮಾಡಿದೆವು. ದಾಖಲೆಗಿರಲಿ ಎಂದು ಬರೆದಿದ್ದೇನೆ.